ಡೆತ್ ವ್ಯಾಲಿಯ ನೆತ್ತಿಯ ಮೇಲೆ ಒಂದು ಹಗಲು

ನಮ್ಮಪ್ಪ ಆಪರೇಟರ್. ಆಸ್ಪತ್ರೆಯಲ್ಲಲ್ಲ ಸ್ವಾಮಿ, ಟಾಕೀಸಿನಲ್ಲಿ! ತಿಪಟೂರು ಕಡೆಯ ಒಂದು ಊರಿನ ಟಾಕೀಸಿಗೆ ಹದಿನೈದನೇ ವಯಸ್ಸಿಗೆ ರೀಲು ಸುತ್ತುವ ಹುಡುಗನಾಗಿ ಸೇರಿ, ಪ್ರೊಜೆಕ್ಟರ್ ಪಕ್ಕದಲ್ಲೇ ತಲೆ ನೆರೆಸಿಕೊಂಡ ಮನುಷ್ಯ. ಅಣ್ಣಾವ್ರ ಚಿತ್ರಗಳನ್ನು ನೂರಾರು ಸಲ ಓಡಿಸಿದ್ದರೂ ಒಂದು ಇಂಗ್ಲಿಷ್ ಚಿತ್ರದ ಹುಚ್ಚು ಮಾತ್ರ ಅವರನ್ನು ಕೊನೆವರೆಗೂ ಬಿಡಲಿಲ್ಲ. ‘ಮೆಕೆನ್ನಾಸ್ ಗೋಲ್ಡ್’! ಗ್ರೆಗರಿ ಪೆಕ್, ಒಮರ್ ಷರೀಫ್, ಕುದುರೆಗಳು, ಚಿನ್ನದ ಕಣಿವೆ... 1969ರ ಆ ಚಿತ್ರಕ್ಕೆ ನಮ್ಮ ದೇಶದಲ್ಲಿ ಜನ ಮುಗಿಬಿದ್ದಿದ್ದರು. ಹಳೇ ಪ್ರಿಂಟು ಊರೂರು ತಿರುಗಿ ನಮ್ಮ ಊರಿಗೂ ಬರುತ್ತಿತ್ತಂತೆ. ಬಂದಾಗಲೆಲ್ಲ ಕತ್ತರಿಸಿ ಅಂಟಿಸಿ ಓಡಿಸಬೇಕು. ಹಾಗೆ ಕತ್ತರಿಸಿ ಬಿಸಾಕಿದ ತುಂಡುಗಳನ್ನು ಅಪ್ಪ ಒಂದು ಬಿಸ್ಕತ್ ಡಬ್ಬದಲ್ಲಿ ಕೂಡಿಟ್ಟಿದ್ದರು. ನಾನೂ ಅಣ್ಣನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದೆವು. ಹಳೇ ಪ್ರಿಂಟಿನ ಬಣ್ಣ ಹಾರಿಹೋಗಿ ಎಲ್ಲವೂ ಕೆಂಪು ಕೆಂಪು. ಮರಳುಗಾಡು ಅಂದರೆ ಕೆಂಪಗಿರುತ್ತೆ, ಆಕಾಶವೂ ಅಲ್ಲಿ ಕೆಂಪಗೇ ಇರುತ್ತೆ ಅಂತ ನಾನು ಬಹಳ ದಿನ ನಂಬಿದ್ದೆ.

ಈ ಹುಚ್ಚಿನ ಬೀಜ ಬಿದ್ದದ್ದು ಅಲ್ಲಿ.

ನನ್ನ ಪರಿಚಯ ನಿಮಗೆ ಇದ್ದದ್ದೇ. ಸೆಕೆಂಡ್ ಪಿ.ಯು.ಸಿ.ಯಲ್ಲಿ ಮ್ಯಾಥ್ಸ್ ಡುಮ್ಕಿ ಹೊಡೆದು ಕಾಲೇಜಿಗೆ ಶರಣು ಹೇಳಿದವನು. ನಾನು ಫೇಲಾದ ಮರುವರ್ಷ, 2015ರಲ್ಲಿ, ನಮ್ಮಣ್ಣ ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೊರಟ. ಮನೆ ಅಡ ಇಟ್ಟರು. ಸಪ್ಲಿಮೆಂಟರಿ ಪರೀಕ್ಷೆಗೆ ಟ್ಯೂಷನ್ ಫೀಸು ಕೇಳಲು ನನಗೆ ಬಾಯಿ ಬರಲಿಲ್ಲ. “ಅಣ್ಣನಿಗಾಗಿ ಓದು ಬಿಟ್ಟೆ” ಅಂತ ಎಷ್ಟೋ ಜನರ ಮುಂದೆ ಡೈಲಾಗ್ ಹೊಡೆದಿದ್ದೀನಿ. ನಿಜ ಹೇಳಬೇಕೆಂದರೆ ಟ್ಯೂಷನ್ನಿಗೆ ಹೋಗಿದ್ದರೂ ಆ ಮ್ಯಾಥ್ಸ್ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅದು ನನಗೂ ಗೊತ್ತು, ಅಣ್ಣನಿಗೂ ಗೊತ್ತು.

2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆ. ಅಪ್ಪ ಹೋದರು. ಅಣ್ಣ ಬರಲಿಲ್ಲ. ಫೋನಿನ ಪರದೆಯ ಮೇಲೆ ನೋಡಿದ. ಫೋನ್ ಹಿಡಿದಿದ್ದವನು ನಾನೇ, ಕೊಳ್ಳಿ ಇಟ್ಟವನೂ ನಾನೇ. ಎರಡನ್ನೂ ಹೇಗೆ ಮಾಡಿದೆ ಅಂತ ಕೇಳಬೇಡಿ. ಆ ದಿನದಿಂದ ಅಣ್ಣ ಫೋನ್ ಮಾಡಿದರೆ “ಅಮ್ಮನ ಹತ್ರ ಮಾತಾಡು” ಅಂತ ಕೊಟ್ಟುಬಿಡುತ್ತಿದ್ದೆ.

ಹೀಗಿರುವಾಗ ಅತ್ತಿಗೆಗೆ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಒಬ್ಬಳೇ ವಿಮಾನ ಹತ್ತೋಕೆ ಹೆದರಿಕೆ. “ನೀನೂ ಬಾ, ಹಾಲಿವುಡ್ ನೋಡ್ಕೊಂಡು ಬರುವಂತೆ” ಅಂದಳು. ಸಿನಿಮಾ ಪತ್ರಕರ್ತನಿಗೆ ಹಾಲಿವುಡ್ ಆಸೆ ತೋರಿಸಿದರೆ ಅವನು ಬಿಡುತ್ತಾನೆಯೇ? ವೀಸಾ ಸಿಕ್ಕಿತು, ಹೊರಟೆ!

ಹಾಲಿವುಡ್ ಕಥೆ ಇನ್ನೊಂದು ವಾರಕ್ಕಿರಲಿ. ಫುಟ್‌ಪಾತಿನ ನಕ್ಷತ್ರಗಳನ್ನು ತುಳಿದು ಕಾಲು ನೋಯಿಸಿಕೊಂಡದ್ದು ಬಿಟ್ಟರೆ ಅಲ್ಲಿ ನನಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನನ್ನ ಕಣ್ಣಿದ್ದದ್ದು ಡೆತ್ ವ್ಯಾಲಿಯ ಮೇಲೆ. ಸಾವಿನ ಕಣಿವೆ! ಅಣ್ಣನ ಮನೆಯಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದಾರಿ.

ಮಿತ್ರರೇ, ನೀವು ಈ ಜಾಗ ನೋಡಿದ್ದೀರಿ. ನೋಡಿಲ್ಲ ಅನ್ನಬೇಡಿ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಮುದುಕ ಓಬಿ-ವಾನ್ ಬೆಟ್ಟದ ಅಂಚಿನಲ್ಲಿ ನಿಂತು ಕೆಳಗಿನ ಕಳ್ಳರ ಊರು ತೋರಿಸುತ್ತಾನಲ್ಲ, ಆ ಅಂಚಿನ ಹೆಸರು ಡಾಂಟೀಸ್ ವ್ಯೂ. ಅದಿರುವುದು ಡೆತ್ ವ್ಯಾಲಿಯಲ್ಲೇ. ಊರು ಮಾತ್ರ ಟ್ರಿಕ್ ಕೆಲಸ. ಜಾನ್ ಫೋರ್ಡ್ 1948ರಲ್ಲಿ ಜಾನ್ ವೇಯ್ನ್ ಕೈಗೆ ಹಸುಗೂಸು ಕೊಟ್ಟು ನಡೆಸಿದ ‘ಥ್ರೀ ಗಾಡ್‌ಫಾದರ್ಸ್’ ಕೂಡ ಇಲ್ಲಿಯದೇ. 1970ರಲ್ಲಿ ಇಟಲಿಯ ಆಂಟೋನಿಯೋನಿ ಬಂದು ಇಲ್ಲಿನ ಒಂದು ಗುಡ್ಡದ ಹೆಸರನ್ನೇ ಚಿತ್ರಕ್ಕಿಟ್ಟ: ‘ಝಬ್ರಿಸ್ಕಿ ಪಾಯಿಂಟ್’.

ಆದರೆ ಇವೆಲ್ಲಕ್ಕೂ ತಾತ ಒಂದಿದೆ. 1924ರ ಮೂಕಿ ಚಿತ್ರ ‘ಗ್ರೀಡ್’. ಅಂದರೆ ದುರಾಸೆ. ನಿರ್ದೇಶಕ ಎರಿಕ್ ಫಾನ್ ಸ್ಟ್ರೋಹೈಮ್. ಇಬ್ಬರು ಹಳೇ ಗೆಳೆಯರು ಹಣಕ್ಕಾಗಿ ಮರಳುಗಾಡಿನ ನಡುವೆ ಬಡಿದಾಡುತ್ತಾರೆ. ಒಬ್ಬ ಸಾಯುತ್ತಾನೆ. ಬದುಕಿದವನು ನೋಡಿದರೆ ತನ್ನ ಕೈಗೆ ಸತ್ತವನ ಕೈ ಬೇಡಿಯಿಂದ ಸೇರಿಕೊಂಡಿದೆ! ನೀರಿಲ್ಲ, ಬೀಗದ ಕೈಯಿಲ್ಲ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಇದನ್ನು ಸ್ಟುಡಿಯೋದಲ್ಲಿ ಮರಳು ಸುರಿದು ತೆಗೆಯಬಹುದಿತ್ತು. ಸ್ಟ್ರೋಹೈಮ್ ಒಪ್ಪಲಿಲ್ಲ. 1923ರ ಬೇಸಿಗೆಯಲ್ಲಿ ಇಡೀ ಯೂನಿಟ್ಟನ್ನು ಡೆತ್ ವ್ಯಾಲಿಗೆ ಹೊಡೆದುಕೊಂಡು ಹೋದ. ಭೂಮಿಯ ಮೇಲಿನ ಅತಿ ಹೆಚ್ಚಿನ ಉಷ್ಣತೆಯ ದಾಖಲೆ ಇರುವ ಜಾಗ ಅದು: 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್. (ಆ ಲೆಕ್ಕದ ಬಗ್ಗೆ ಹವಾಮಾನ ಪಂಡಿತರಲ್ಲಿ ತಕರಾರಿದೆ, ಇರಲಿ.) ಜನ ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದರು. ನಟ ಜೀನ್ ಹರ್ಷೋಲ್ಟ್ ಆಸ್ಪತ್ರೆ ಸೇರಿದ. ಇಷ್ಟೆಲ್ಲ ಮಾಡಿ ತೆಗೆದ ಎಂಟು ಗಂಟೆಗೂ ಮೀರಿದ ಚಿತ್ರವನ್ನು ಕಂಪನಿ ಕತ್ತರಿಸಿ ಎರಡು ಗಂಟೆ ಚಿಲ್ಲರೆಗೆ ಇಳಿಸಿತು. ಮಿಕ್ಕ ರೀಲು ನಾಶವಾಯಿತು. ನಮ್ಮಪ್ಪನಂಥ ಯಾರಾದರೂ ಒಂದು ಬಿಸ್ಕತ್ ಡಬ್ಬದಲ್ಲಿ ನಾಲ್ಕು ತುಂಡು ಎತ್ತಿಟ್ಟಿದ್ದರೆ!

‘ಗ್ರೀಡ್’ ಚಿತ್ರವನ್ನು ನಾನು ನೋಡಿದ್ದು ಫೋನಿನಲ್ಲಿ, ಬಸ್ಸಿನಲ್ಲಿ ಕೂತು. ಆ ಕಥೆಗೆ ಮೂಲ ಫ್ರಾಂಕ್ ನಾರಿಸ್ 1899ರಲ್ಲಿ ಬರೆದ ಕಾದಂಬರಿ. ಅದರಲ್ಲಿ ನಾಯಕ ಕಣಿವೆಗಿಳಿಯುವ ಮೊದಲು ಒಂದು ಬೆಟ್ಟಸಾಲು ದಾಟುತ್ತಾನೆ: ಪನಮಿಂಟ್. ಕಣಿವೆಯ ಪಡುವಣ ಗೋಡೆ. ಚಿತ್ರದವರೆಲ್ಲ ಬಂದು ಕ್ಯಾಮೆರಾ ಕೆಳಗೆ ತಿರುಗಿಸಿಕೊಂಡು ಉಪ್ಪು, ಮರಳು, ತಲೆಬುರುಡೆ ತೆಗೆದುಕೊಂಡು ಹೋಗುತ್ತಾರೆ. ಮೇಲೆ ಏನಿದೆ? ನನಗೆ ಅದು ನೋಡಬೇಕಿತ್ತು.

ಮೇಲಿರುವುದು ಟೆಲಿಸ್ಕೋಪ್ ಪೀಕ್. 11,049 ಅಡಿ. ನಮ್ಮ ಮುಳ್ಳಯ್ಯನಗಿರಿ ಸುಮಾರು 6,330 ಅಡಿ, ನೆನಪಿರಲಿ. ಅದರ ಬುಡದ ಕಣಿವೆಯಲ್ಲಿ ಬ್ಯಾಡ್‌ವಾಟರ್ ಅನ್ನುವ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ! ಉತ್ತರ ಅಮೆರಿಕದ ಅತಿ ತಗ್ಗಿನ ಜಾಗ. ಅಂದರೆ ಆ ಬಯಲಿನಿಂದ ಈ ತುದಿಗೆ 11,331 ಅಡಿ ಏರು, ಅದೂ ಬೆರಳೆಣಿಕೆಯಷ್ಟು ಹರದಾರಿಯೊಳಗೆ. ಭೂಮಿಯ ಚಿಪ್ಪು ಎಳೆದಾಡಿ ಸೀಳಿದಾಗ ಕಣಿವೆ ಕುಸಿಯುತ್ತಾ, ಬೆಟ್ಟ ಓರೆಯಾಗಿ ಏಳುತ್ತಾ ಹೋಯಿತಂತೆ. ಇನ್ನು ಮರಳುಗಾಡು ಯಾಕಾಯಿತು ಅಂದರೆ, ಪೆಸಿಫಿಕ್ ಸಮುದ್ರದಿಂದ ಹೊರಟ ಮೋಡಕ್ಕೆ ಮೊದಲು ಸಿಯೆರಾ ನೆವಾಡ, ಆಮೇಲೆ ಇನ್ನೆರಡು ಸಾಲು, ಕಡೆಗೆ ಈ ಪನಮಿಂಟ್. ಒಂದೊಂದು ಬೆಟ್ಟವೂ ಹಿಂಡಿಕೊಂಡ ಮೇಲೆ ಕಣಿವೆಗೆ ಉಳಿಯುವುದು ವರ್ಷಕ್ಕೆ ಎರಡು ಅಂಗುಲದಷ್ಟು ಮಳೆ. ನಮ್ಮ ಘಟ್ಟ ದಾಟಿದ ಮೋಡ ನಮ್ಮ ಸೀಮೆಗೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತಲ್ಲ, ಹಾಗೇ. 1933ರಲ್ಲಿ ಸರ್ಕಾರ ಈ ಪ್ರದೇಶಕ್ಕೆ ರಕ್ಷಣೆ ಕೊಟ್ಟಿತು, 1994ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಮಾಡಿತು. ಉದ್ಯಾನ ಅಂದ ತಕ್ಷಣ ಲಾಲ್‌ಬಾಗ್ ನೆನೆಸಿಕೊಳ್ಳಬೇಡಿ!

ಸರ್ಕಾರಕ್ಕೂ ಮೊದಲು ಇದು ಟಿಂಬಿಷಾ ಶೋಷೋನ್ ಜನರ ನೆಲ. ಚಳಿಗಾಲ ಕಣಿವೆಯಲ್ಲಿ, ಬೇಸಿಗೆ ಈ ಬೆಟ್ಟದ ಮೇಲೆ ಪೈನ್ ಕಾಯಿ ಆಯ್ದುಕೊಂಡು. ಯಾರೂ ಅದನ್ನು ಸಾವಿನ ಕಣಿವೆ ಅಂದಿರಲಿಲ್ಲ. ಹೆಸರಿಟ್ಟವರು ದಾರಿ ತಪ್ಪಿ ಬಂದ ಬಿಳಿಯರು.

* * *

ಅಕ್ಟೋಬರ್ ಕೊನೆ. ಅಣ್ಣ ಎತ್ತರದ ಜೀಪೊಂದನ್ನು ಬಾಡಿಗೆಗೆ ತಂದ. “ನಿಂಗೋಸ್ಕರ ಬರ್ತಿದೀನಿ ಕಣೋ, ನಂಗೆ ಮಂಡಿ ನೋವು” ಅಂದ. ಐದು ಗಂಟೆ ಪ್ರಯಾಣದಲ್ಲಿ ನಾವು ಆಡಿದ ಮಾತು ಪೆಟ್ರೋಲ್ ಬಗ್ಗೆ, ಪಾಪುವಿನ ಹೊಟ್ಟೆನೋವಿನ ಬಗ್ಗೆ, ಅಷ್ಟೇ.

ವೈಲ್ಡ್‌ರೋಸ್ ಕಣಿವೆಯ ಮೇಲ್ತುದಿಯಲ್ಲಿ ರಸ್ತೆ ಪಕ್ಕ ಹತ್ತು ಕಲ್ಲಿನ ಗೂಡುಗಳು. ದೊಡ್ಡ ಜೇನುಗೂಡು ಕವುಚಿಟ್ಟ ಹಾಗೆ. ಒಂದೊಂದೂ ಸುಮಾರು 25 ಅಡಿ ಎತ್ತರ. 1877ರಲ್ಲಿ ಕಟ್ಟಿದ ಇದ್ದಲು ಗೂಡುಗಳು. ಬೆಟ್ಟದ ಮರ ಕಡಿದು, ಇಲ್ಲಿ ಸುಟ್ಟು, ಸುಮಾರು 25 ಮೈಲಿ ಆಚೆಯ ಬೆಳ್ಳಿ-ಸೀಸದ ಗಣಿಯ ಕುಲುಮೆಗೆ ಸಾಗಿಸುತ್ತಿದ್ದರಂತೆ. ಎರಡು ಮೂರು ವರ್ಷದಲ್ಲೇ ಕೆಲಸ ನಿಂತಿತು. ಒಳಗೆ ಹೋಗಿ ಮೂಸಿದರೆ ಇವತ್ತಿಗೂ ಹೊಗೆ ವಾಸನೆ! ಸಿನಿಮಾದವರಿಗೆ ಒಂದು ಸ್ವಾರಸ್ಯ: ಆ ಗಣಿಯ ಧಣಿ ಜಾರ್ಜ್ ಹರ್ಸ್ಟ್. ಅವನ ಮಗನೇ ಪತ್ರಿಕಾ ದೊರೆ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್, ಅಂದರೆ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ಗೆ ಸ್ಫೂರ್ತಿಯಾದವನು. ನಾನು ಇದನ್ನು ಹೇಳಿದಾಗ ಅಣ್ಣ ಮೊದಲ ಸಲ ನನ್ನ ಮುಖ ನೋಡಿದ. “ಇದೆಲ್ಲ ಎಲ್ಲಿ ಓದ್ತೀಯೋ?” ಅಂದ. ಪಿ.ಯು.ಸಿ. ಫೇಲಾದವನ ಎದೆ ಸ್ವಲ್ಪ ಉಬ್ಬಿತು, ಸುಳ್ಳೇಕೆ.

ಗೂಡು ದಾಟಿದ ಮೇಲೆ ರಸ್ತೆ ಅಂತ ಹೆಸರಿಗಷ್ಟೇ. ಕಲ್ಲು, ಕೊರಕಲು. ಮಹೋಗನಿ ಫ್ಲಾಟ್ ಅನ್ನುವ ಜಾಗದಲ್ಲಿ ರಾತ್ರಿ ಡೇರೆ ಹಾಕಿ ಮಲಗಿದೆವು. 8,133 ಅಡಿ. ಮುಳ್ಳಯ್ಯನಗಿರಿಗಿಂತ ಮೇಲೆ ಗಾಡಿ ನಿಲ್ಲಿಸಿದ್ದೆವು! ಮರಳುಗಾಡಿನ ಬೆಟ್ಟದಲ್ಲಿ ನನ್ನ ಹಲ್ಲು ಕಟಕಟ.

ಅಲ್ಲಿಂದ ತುದಿಗೆ ಕಾಲುದಾರಿ ಏಳು ಮೈಲಿ, ವಾಪಸ್ ಏಳು ಮೈಲಿ. ಬೆಳಕು ಹರಿಯುವ ಮುಂಚೆ ಹೊರಟೆವು. ಎಡಗಡೆ ಕೆಳಗೆ ಕಣಿವೆ ಇನ್ನೂ ಕತ್ತಲಲ್ಲಿ. ಸೂರ್ಯ ಹುಟ್ಟಿದಾಗ ಮೊದಲು ಬೆಟ್ಟಕ್ಕೆ ಬೆಳಕು ಬಿತ್ತು. ಆಮೇಲೆ ನಿಧಾನವಾಗಿ, ಪರದೆ ಎತ್ತಿದ ಹಾಗೆ, ಬಿಳೀ ಉಪ್ಪಿನ ಬಯಲು. ದಾರಿ ರೋಜರ್ಸ್ ಪೀಕ್ (9,994 ಅಡಿ) ಮಗ್ಗುಲಲ್ಲೇ ಹೋಗುತ್ತದೆ. ಅದರ ತಲೆಯ ಮೇಲೆ ವೈರ್‌ಲೆಸ್ ಕಂಬಗಳು. ಮುಂದೆ ಬೆನೆಟ್ ಪೀಕ್ (9,980 ಅಡಿ). ಎರಡರ ನಡುವೆ ಗಾಳಿ ಹೊಡೆಯುವ ಒಂದು ಬೋಳು ಬಯಲು, ಆರ್ಕೇನ್ ಮೆಡೋಸ್. ಎರಡೂವರೆ ಮೈಲಿ ನಡೆದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅಣ್ಣ ಮಂಡಿ ಹಿಡಿದುಕೊಂಡು ಕೂತ.

ಅವನಿಗೆ ಹೊತ್ತು ಹೋಗಲಿ ಅಂತ ನಾನು ಆ ಹೆಸರುಗಳ ಕಥೆ ಶುರು ಮಾಡಿದೆ. ಈಗ ಅನ್ನಿಸುತ್ತದೆ, ಹೊತ್ತು ಹೋಗಲಿ ಅಂತಲೇ ಶುರು ಮಾಡಿದೆನೋ, ಚುಚ್ಚಬೇಕೆಂದೇ ಶುರು ಮಾಡಿದೆನೋ.

ಕೇಳಿ. 1849. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದೆ ಅಂತ ಜನ ಗಾಡಿ ಕಟ್ಟಿಕೊಂಡು ಹೊರಟರು. ಹತ್ತಿರದ ದಾರಿ ಅಂತ ನಂಬಿದ ಕೆಲವರು ಬಂದು ಬಿದ್ದದ್ದು ಈ ಕಣಿವೆಗೆ. ಬೆನೆಟ್, ಆರ್ಕನ್ ಅನ್ನುವವರ ಕುಟುಂಬಗಳು, ನಾಲ್ಕು ಮಕ್ಕಳು. ಎದುರಿಗೆ ಗೋಡೆ ಥರ ಈ ಬೆಟ್ಟ, ಗಾಡಿ ಹತ್ತುವುದಿಲ್ಲ. ಇಬ್ಬರು ಯುವಕರು, ವಿಲಿಯಂ ಲೂಯಿಸ್ ಮ್ಯಾನ್ಲಿ ಮತ್ತು ಜಾನ್ ರೋಜರ್ಸ್, “ನಾವು ಹೋಗಿ ಆಹಾರ ತರ್ತೀವಿ” ಅಂತ ಹೊರಟರು. ಮ್ಯಾನ್ಲಿಗೆ ಆಗ 29 ವರ್ಷ, ಹೆಚ್ಚು ಕಡಿಮೆ ನನ್ನ ವಯಸ್ಸು. ಸುಮಾರು 250 ಮೈಲಿ ನಡೆದರು. ಇಬ್ಬರಿಗೂ ಈ ಕುಟುಂಬಗಳು ರಕ್ತಸಂಬಂಧವಲ್ಲ. ಊರು ಮುಟ್ಟಿದ ಮೇಲೆ ಮರಳುಗಾಡಿಗೆ ಮತ್ತೆ ಹೋಗಿ ಅಂತ ಬೆನ್ನು ಹತ್ತುವವರು ಯಾರೂ ಇರಲಿಲ್ಲ. ಆದರೂ ಹಿಟ್ಟು, ಕಾಳು, ಮೂರು ಕುದುರೆ, ಒಂದು ಒಕ್ಕಣ್ಣಿನ ಹೇಸರಗತ್ತೆ ಸಂಪಾದಿಸಿಕೊಂಡು ವಾಪಸ್ ಹೊರಟರು. ಅಲ್ಲಿನ ಒಬ್ಬ ಹೆಂಗಸು ಮಕ್ಕಳಿಗೆ ಅಂತ ನಾಲ್ಕು ಕಿತ್ತಳೆಹಣ್ಣು ಕೊಟ್ಟಳು. ಬೆಟ್ಟದ ಒಂದು ಕಡಿದಾದ ಜಾಗದಲ್ಲಿ ಕುದುರೆಗಳು ಹತ್ತಲಾರದೆ ಉಳಿದವು. ಆ ಒಕ್ಕಣ್ಣಿ ಹೇಸರಗತ್ತೆ ಹತ್ತಿತು!

ಕಣಿವೆ ಮುಟ್ಟಿದಾಗ 26 ದಿನ ಆಗಿತ್ತು. ಹೇಳಿಹೋದ ಗಡುವು ಎಂದೋ ದಾಟಿತ್ತು. ದಾರಿಯಲ್ಲಿ ಜೊತೆಯವರಲ್ಲೊಬ್ಬನ ಹೆಣ ಸಿಕ್ಕಿತು. ಗಾಡಿಗಳು ಕಂಡವು, ಮನುಷ್ಯರಿಲ್ಲ. ಸತ್ತರೇ? ಒಂದು ಗುಂಡು ಹಾರಿಸಿದರು. ಗಾಡಿಯ ಕೆಳಗಿಂದ ಒಬ್ಬ ಎದ್ದು ಬಂದ. ಆಮೇಲೆ ಎಲ್ಲರೂ! ಕಾಯುತ್ತಿದ್ದವರು ಬದುಕಿದ್ದರು. ಈ ಬೆಟ್ಟ ದಾಟಿ ಹೋಗುವಾಗ ತಿರುಗಿ ನೋಡಿ ಅವರಲ್ಲೊಬ್ಬರು ಕಣಿವೆಗೆ ವಿದಾಯ ಹೇಳಿದರಂತೆ. ಆ ಹೆಸರೇ ಉಳಿಯಿತು.

“ಊರು ಸೇರಿದ ಮೇಲೂ ವಾಪಸ್ ಬಂದ್ರು ನೋಡು” ಅಂತ ನಾನು ಮುಗಿಸಿದೆ.

ಅಣ್ಣ ನೀರಿನ ಬಾಟಲಿ ಮುಚ್ಚಳ ತಿರುಗಿಸುತ್ತಾ ಕೂತಿದ್ದ. “ನೇರವಾಗಿ ಕೇಳೋ” ಅಂದ.

ನಾನು ಕೇಳಲಿಲ್ಲ. ಧೈರ್ಯ ಸಾಲಲಿಲ್ಲ. “ನೀನಿಲ್ಲೇ ಇರು, ತುದಿ ಮುಟ್ಟಿ ಹನ್ನೆರಡಕ್ಕೆ ಬಂದ್ಬಿಡ್ತೀನಿ” ಅಂತ ಹೊರಟುಬಿಟ್ಟೆ.

* * *

ಕೊನೆಯ ಏರು ಹಾವಿನ ಹಾಗೆ ತಿರುಗಿ ತಿರುಗಿ ಹೋಗುತ್ತದೆ. ಉಸಿರು ಕಿತ್ತು ಬರುತ್ತದೆ. ಅಲ್ಲಿ ಬ್ರಿಸಲ್‌ಕೋನ್ ಪೈನ್ ಮರಗಳಿವೆ, ಸಾವಿರಾರು ವರ್ಷ ಬದುಕುವ ಜಾತಿ. ಒಂದು ಪಕ್ಕ ಸತ್ತು, ಬಿಳಿಚಿ, ತಿರುಚಿಕೊಂಡಿರುತ್ತವೆ. ಇನ್ನೊಂದು ಪಕ್ಕ ಒಂದು ಹಸಿರು ಕೊಂಬೆ. ಗಾಳಿ ತಳ್ಳಿದ ಕಡೆಗೆಲ್ಲ ಬಾಗಿವೆ, ಬಿದ್ದಿಲ್ಲ.

ತುದಿ ಮುಟ್ಟಿದಾಗ ಹನ್ನೊಂದೂವರೆ. ಒಂದು ಕಾಲಘಟ್ಟದಲ್ಲಿ ಬೆಳ್ಳಿ ಹುಡುಕಿಕೊಂಡು ಬಂದವನೊಬ್ಬ ಇಲ್ಲಿ ನಿಂತು, ದುರ್ಬೀನಿನಲ್ಲಿ ನೋಡಿದಷ್ಟು ದೂರ ಕಾಣುತ್ತೆ ಅಂದದ್ದಕ್ಕೆ ಈ ಹೆಸರಂತೆ. ಉತ್ಪ್ರೇಕ್ಷೆ ಅಲ್ಲ. ಪೂರ್ವಕ್ಕೆ, ಕಾಲ ಕೆಳಗೇ, ಬ್ಯಾಡ್‌ವಾಟರ್‌ನ ಉಪ್ಪು, ಚೆಲ್ಲಿದ ಹಾಲಿನ ಹಾಗೆ. ಅದರಾಚೆ ಡಾಂಟೀಸ್ ವ್ಯೂ, ಸ್ಟಾರ್ ವಾರ್ಸ್‌ನ ಮುದುಕ ನಿಂತಿದ್ದ ಅಂಚು, ಇಲ್ಲಿಂದ ಬರೀ ಒಂದು ದಿಣ್ಣೆ! ಪಶ್ಚಿಮಕ್ಕೆ ಸಿಯೆರಾ ಸಾಲು, ಅದರಲ್ಲಿ ಮೌಂಟ್ ವಿಟ್ನಿ, 14,505 ಅಡಿ. ಅಲಾಸ್ಕ ಬಿಟ್ಟರೆ ಆ ದೇಶದ ಅತಿ ಎತ್ತರದ ತುದಿ ಒಂದು ಕಡೆ, ಅತಿ ತಗ್ಗು ಇನ್ನೊಂದು ಕಡೆ. ಎರಡನ್ನೂ ಕತ್ತು ತಿರುಗಿಸಿ ನೋಡಿದೆ.

ಕಬ್ಬಿಣದ ಡಬ್ಬಿಯಲ್ಲಿ ಒಂದು ಪುಸ್ತಕವಿತ್ತು. ಹತ್ತಿದವರು ಹೆಸರು ಬರೆಯುವುದು. ನಾನು ಕನ್ನಡದಲ್ಲಿ ಅಪ್ಪನ ಹೆಸರು ಬರೆದೆ, ಮುಂದೆ ‘ಆಪರೇಟರ್’ ಅಂತ ಸೇರಿಸಿದೆ. ಆಮೇಲೆ ಅಲ್ಲೇ ಕೂತೆ. ಎಷ್ಟು ಹೊತ್ತು ಕೂತೆ ಅಂತ ತಿಳಿಯಲಿಲ್ಲ. ಅತ್ತದ್ದು ನಿಜ. ಗಾಳಿಗೆ ಕಣ್ಣೀರು ಬಂತು ಅಂತ ಬೇಕಾದರೂ ಬರೆಯಬಹುದಿತ್ತು.

ಗಡಿಯಾರ ನೋಡಿದರೆ ಒಂದೂ ಕಾಲು! ಓಡಿದೆ. ಕಾಲು ಜಾರಿ ಎರಡು ಸಲ ಬಿದ್ದೆ. ಆರ್ಕೇನ್ ಮೆಡೋಸ್ ಮುಟ್ಟಿದಾಗ ಮೂರು ಗಂಟೆ. ಅಣ್ಣ ಕೂತಿದ್ದ ಕಲ್ಲು ಖಾಲಿ.

ಕೂಗಿದೆ. ಗಾಳಿಯಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮೂರು ಗಂಟೆ ತಡ ಮಾಡಿದ್ದೇನೆ. ನನ್ನನ್ನು ಹುಡುಕಲು ಹೊರಟು ಅಡ್ಡದಾರಿ ಹಿಡಿದನೇ? ಆ ಮಂಡಿಯಲ್ಲಿ? ಅಮ್ಮನಿಗೆ ಏನು ಹೇಳಲಿ? ಇಷ್ಟು ದಿನದ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಬಾಯಲ್ಲಿ “ಅಣ್ಣಾ... ಅಣ್ಣಾ” ಅನ್ನುವುದೊಂದೇ.

ಇಳಿಜಾರಿನ ಒಂದು ಕುಳ್ಳ ಮರದ ಬುಡದಿಂದ ಒಂದು ಕೈ ಎದ್ದಿತು. ಗಾಳಿ ತಡೆಯಲಾರದೆ ಅಲ್ಲಿ ಹೋಗಿ ಮುದುರಿಕೊಂಡಿದ್ದ. ತುಟಿ ನೀಲಿಯಾಗಿತ್ತು.

“ಬರಲ್ವೇನೋ ಅನ್ಕೊಂಡೆ” ಅಂದ.

“ತಡ ಆಯ್ತು.”

“ಹೋಗೋಣ ಅಂತ ಎರಡು ಸಲ ಎದ್ದೆ. ನೀನು ಬಂದು ಇಲ್ಲಿ ನೋಡಿ ನಾನಿಲ್ಲ ಅಂದ್ರೆ ಏನ್ಮಾಡ್ತೀಯ ಅಂತ ಕೂತೆ.”

ನನ್ನ ಸ್ವೆಟರ್ ಬಿಚ್ಚಿ ಅವನಿಗೆ ಹೊದಿಸಿದೆ. ಅಮ್ಮ ಕಟ್ಟಿಕೊಟ್ಟಿದ್ದ ಚಪಾತಿ, ಚಟ್ನಿಪುಡಿ ತಿಂದೆವು. ಅಲ್ಲಿ ಅವನೇ ಮಾತು ತೆಗೆದ. 2021ರ ಮೇ 4ರಿಂದ, ಭಾರತಕ್ಕೆ ಹೋದ ವೀಸಾದವರನ್ನು ಅಮೆರಿಕ ಒಳಗೆ ಬಿಡುತ್ತಿರಲಿಲ್ಲ. ಬಂದಿದ್ದರೆ ವಾಪಸ್ ಹೋಗೋದು ಖಾತ್ರಿಯಿರಲಿಲ್ಲ, ಕೆಲಸ ಹೋಗುತ್ತಿತ್ತು. “ಆಸ್ಪತ್ರೆ ಬಿಲ್ಲು ಎಲ್ಲಿಂದ ಬಂತು ಗೊತ್ತಲ್ಲ? ಮನೆ ಅಡ ಬಿಡಿಸಿದ್ದು ಯಾವಾಗ ಗೊತ್ತಲ್ಲ?” ಅಂದ. ಗೊತ್ತಿತ್ತು. ಅಪ್ಪ ಹೋಗಿ ಎಂಟು ತಿಂಗಳಿಗೆ.

“ಹೋದ್ರೆ ಹೋಗ್ಲಿ ಕೆಲಸ ಅಂತ ಬಂದಿದ್ರೆ?” ಅಂತ ಕೇಳಿದೆ. ಕಡೆಗೂ ಕೇಳಿದೆ.

“ಬರಬಹುದಿತ್ತು” ಅಂದ. “ಹೆದರಿಕೊಂಡೆ ಕಣೋ.”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಅವನು ಬರಬೇಕಿತ್ತು ಅನ್ನುವುದೇ ಈಗಲೂ ನನ್ನ ಅಭಿಪ್ರಾಯ. ಆದರೆ ಹೆದರಿಕೊಂಡೆ ಅಂತ ಒಪ್ಪಿಕೊಂಡ ಅಣ್ಣನನ್ನು ನಾನು ಮೊದಲು ನೋಡಿರಲಿಲ್ಲ.

ಅವನು ಪರ್ಸು ತೆಗೆದು ಡ್ರೈವಿಂಗ್ ಲೈಸೆನ್ಸ್ ಹಿಂದಿನಿಂದ ಏನೋ ಎಳೆದ. ಫಿಲ್ಮ್ ತುಂಡು. ಆರು ಫ್ರೇಮು. 2015ರಲ್ಲಿ ಹೊರಡುವಾಗ ಬಿಸ್ಕತ್ ಡಬ್ಬದಿಂದ ಕದ್ದದ್ದಂತೆ! ಬಿಸಿಲಿಗೆ ಹಿಡಿದೆವು. ಕುದುರೆಯ ಮೇಲೆ ಒಬ್ಬ, ಹಿಂದೆ ಬಂಡೆ. ಎಲ್ಲ ಕೆಂಪು.

“ಇದೇ ಬೆಟ್ಟ ಅಂತ ಇಲ್ಲಿಗೆ ಬರೋಕೆ ಹಠ ಮಾಡಿದ್ಯಾ?” ಅಂದ.

“ಇಲ್ಲಪ್ಪ, ಅದನ್ನ ತೆಗೆದಿದ್ದು ಅರಿಜೋನಾ, ಯೂಟಾ ಕಡೆ.”

“ಅಪ್ಪಂಗೆ ಎಲ್ಲಾ ಒಂದೇ” ಅಂದು ನಕ್ಕ. ನಾನೂ ನಕ್ಕೆ.

ಅವನ ಒಂದು ಕೈ ನನ್ನ ಹೆಗಲ ಮೇಲೆ ಹಾಕಿಸಿಕೊಂಡು ಇಳಿಸುವಷ್ಟರಲ್ಲಿ ಕತ್ತಲಾಯಿತು. ಎರಡೂವರೆ ಮೈಲಿಗೆ ಮೂರು ಗಂಟೆ. ಜೀಪಿನ ಹೀಟರ್ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಗೂಡುಗಳನ್ನು ದಾಟಿ, ಬೆಟ್ಟ ಇಳಿದು, ಪನಮಿಂಟ್ ಕಣಿವೆಯ ನೇರ ರಸ್ತೆಗೆ ಬಿದ್ದ ಮೇಲೆ ಅವನು ಕೇಳಿದ: “ಟಾಕೀಸಿನ ಪ್ರೊಜೆಕ್ಟರ್ ಏನಾಯ್ತು?”

“ಡಿಜಿಟಲ್ ಬಂದ ಮೇಲೆ ಮೂಲೇಲಿತ್ತು. ಅಪ್ಪ ಹೋದ ವರ್ಷವೇ ಗುಜರಿಗೆ ಹಾಕಿದ್ರು. ಕೇಜಿ ಲೆಕ್ಕದಲ್ಲಿ.”

ಟ್ರೋನಾ ಅನ್ನುವ ಊರು ದಾಟುವವರೆಗೂ ಅವನು ಮಾತಾಡಲಿಲ್ಲ. ಆಮೇಲೆ ಕೇಳಿದ, “ಆ ಬಿಸ್ಕತ್ ಡಬ್ಬ?”

“ಅಟ್ಟದ ಮೇಲಿದೆ.”

“ಇರ್ಲಿ, ಮುಟ್ಬೇಡ. ಜನವರೀಲಿ ನಾನೇ ಬಂದು ಇಳಿಸ್ತೀನಿ.”